ಹದಿನಾಲ್ಕರ ಜೊತೆ ಅರವತ್ತು

ಗೋಪಾಲಕೃಷ್ಣ ಗೋಖಲೆಯವರ ತಂದೆ 1879ರಲ್ಲಿ ತೀರಿಕೊಂಡಾಗ ಮಗನಿಗೆ ಹದಿಮೂರು ವರ್ಷ. ಅಣ್ಣ ಗೋವಿಂದರಾವ್ ಓದು ಬಿಟ್ಟು ಕಾಗಲದಲ್ಲಿ ತಿಂಗಳಿಗೆ ಹದಿನೈದು ರೂಪಾಯಿಯ ನೌಕರಿ ಹಿಡಿದರು. ಅದರಲ್ಲಿ ಎಂಟು ರೂಪಾಯಿ ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಹೋಗುತ್ತಿತ್ತು. ಉಳಿದ ಏಳರಲ್ಲಿ ಮನೆ ನಡೆಯಬೇಕು. ಹುಡುಗ ತಾನೇ ಅಡುಗೆ ಮಾಡಿಕೊಂಡು, ಬೀದಿ ದೀಪದಡಿ ಓದಿ 1881ರಲ್ಲಿ ಮೆಟ್ರಿಕ್ ಪಾಸಾದ. ಮುಂದೆ ಪುಣೆಗೆ ಬಂದಾಗ ಅವನಿಗೆ ಇನ್ನೊಬ್ಬ ಹಿರಿಯರು ಸಿಕ್ಕಿದರು. ಅವರು ಅವನಿಗಿಂತ ಇಪ್ಪತ್ತನಾಲ್ಕು ವರ್ಷ ದೊಡ್ಡವರಾದ ಮಹಾದೇವ ಗೋವಿಂದ ರಾನಡೆ. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಸ್ಥೆಯ ತ್ರೈಮಾಸಿಕಕ್ಕೆ ತರುಣ ಗೋಖಲೆ ಬರೆದುದನ್ನು ರಾನಡೆ ತಿದ್ದುತ್ತಿದ್ದರು. ಅಂಕಿಅಂಶ ಹುಡುಕಿ ತರಲು ಹೇಳುತ್ತಿದ್ದರು, ಸಾಲದೆಂದರೆ ಮತ್ತೆ ಬರೆಸುತ್ತಿದ್ದರು. ಹೊಗಳಿಕೆಯ ಮಾತಿನಲ್ಲಿ ರಾನಡೆ ಬಹಳ ಬಿಗಿ.

ಇದರಿಂದ ರಾನಡೆಯವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಅವರು ಸರ್ಕಾರಿ ನ್ಯಾಯಾಧೀಶರು, 1893ರಿಂದ ಮುಂಬೈ ಹೈಕೋರ್ಟಿನವರು. ಬ್ರಿಟಿಷ್ ಆಡಳಿತದ ಖರ್ಚುವೆಚ್ಚ, ತೆರಿಗೆ, ಬಡತನಗಳ ಬಗ್ಗೆ ಅವರಿಗೆ ತಿಳಿದಷ್ಟು ತಿಳಿದವರು ವಿರಳ. ಆದರೆ ಆ ಕುರ್ಚಿಯಲ್ಲಿ ಕೂತು ಅದನ್ನು ಬಹಿರಂಗವಾಗಿ ಹೇಳುವ ಹಾಗಿರಲಿಲ್ಲ. 1897ರಲ್ಲಿ ಲಂಡನ್ನಿನ ವೆಲ್ಬಿ ಆಯೋಗದ ಮುಂದೆ ಭಾರತದ ಹಣಕಾಸಿನ ಬಗ್ಗೆ ಸಾಕ್ಷ್ಯ ಹೇಳಿದವರು ಮೂವತ್ತರ ಗೋಖಲೆ. ಆ ಸಾಕ್ಷ್ಯದ ಹಿಂದೆ ರಾನಡೆ ಮತ್ತು ಜಿ. ವಿ. ಜೋಶಿಯವರ ವರ್ಷಗಟ್ಟಲೆಯ ಅಧ್ಯಯನವಿತ್ತು. ಗುರುವಿಗೆ ಹೇಳಲಾಗದ್ದನ್ನು ಶಿಷ್ಯ ಹೇಳಿದ. ಕೊಟ್ಟವರು ಯಾರು, ಪಡೆದವರು ಯಾರು ಎಂದು ಇಲ್ಲಿ ಬೇರೆ ಮಾಡಿ ನೋಡುವುದು ಕಷ್ಟ.

ಈ ಕಥೆಯನ್ನು ಪುಣೆಯಿಂದ ಶುರುಮಾಡಿದ್ದಕ್ಕೆ ಕಾರಣ ಅಂಕೋಲೆಯಲ್ಲಿದೆ. ಗೋಖಲೆ 1905ರ ಜೂನ್ 12ರಂದು ಭಾರತ ಸೇವಕ ಸಮಾಜವನ್ನು ಕಟ್ಟಿದಾಗ ಅದಕ್ಕೆ ಸೇರುವ ತರುಣರಿಗೆ ಐದು ವರ್ಷದ ತರಬೇತಿ ಇಟ್ಟರು. ರಾನಡೆ ತಮಗೆ ಮಾಡಿದ್ದನ್ನೇ ಅವರು ಒಂದು ವ್ಯವಸ್ಥೆಯಾಗಿ ಮಾಡಿದ್ದು ಎಂದು ನಾನು ಓದಿಕೊಳ್ಳುತ್ತೇನೆ. ಅಂಕೋಲಾ ತಾಲ್ಲೂಕಿನ ಶಾಲಾ ಮಾಸ್ತರರೊಬ್ಬರ ಮಗ ದಿನಕರ ದೇಸಾಯಿ ಅದೇ ಸಮಾಜದ ಸದಸ್ಯರಾದರು. 1909ರಲ್ಲಿ ಹುಟ್ಟಿದ ದಿನಕರರಿಗೆ ಗೋಖಲೆ ತೀರಿಹೋದಾಗ ಇನ್ನೂ ಆರು ತುಂಬಿರಲಿಲ್ಲ. ಮುಖ ನೋಡದ ಗುರುವಿನ ದಾರಿ ಹಿಡಿದು ಅವರು ಮುಂಬೈಯಲ್ಲಿ ಹಡಗು ಕಾರ್ಮಿಕರ ಸಂಘ ಕಟ್ಟಿದರು, ಉತ್ತರ ಕನ್ನಡ ಜಿಲ್ಲೆಯಲ್ಲಿ ಗೇಣಿದಾರ ರೈತರ ಪರ ಹೋರಾಡಿ ಗಡೀಪಾರಾದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿಹಳ್ಳಿಗೆ ಜನತಾ ವಿದ್ಯಾಲಯಗಳನ್ನು ತಂದರು. 1966ರಲ್ಲಿ, ಗೋಖಲೆ ಹುಟ್ಟಿ ನೂರು ವರ್ಷವಾದಾಗ, ಅಂಕೋಲೆಯಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು ತೆರೆಯಿತು. ಊರಿನವರು ಅದನ್ನು ಜಿ.ಸಿ. ಕಾಲೇಜು ಎನ್ನುತ್ತೇವೆ. ದಿನವೂ ಆ ಹೆಸರಿನ ಎದುರು ಬಸ್ಸಿಳಿಯುವ ಎಷ್ಟೋ ಮಕ್ಕಳಿಗೆ ಅದು ಒಬ್ಬ ಅಣ್ಣನ ಎಂಟು ರೂಪಾಯಿಯಿಂದ ಹೊರಟು ಬಂದ ಹೆಸರು ಎಂದು ಯಾರೂ ಹೇಳಿರುವುದಿಲ್ಲ.

ದೇಸಾಯಿಯವರು ಶಾಲೆಯ ಕೊರತೆ ನೀಗಿಸಿದರು. ಈಗ ಕಾರವಾರ, ಅಂಕೋಲಾ ಎಂಬ ನಮ್ಮ ಎರಡು ತಾಲ್ಲೂಕುಗಳಲ್ಲಿ ಹೈಸ್ಕೂಲಿಗೆ ಕೊರತೆ ಇಲ್ಲ. ಕೊರತೆ ಇರುವುದು ಶಾಲೆಯ ಹೊರಗೆ, ಮನೆಯ ಹೊರಗೆ, ಹದಿನಾಲ್ಕರ ಹುಡುಗಿಯೋ ಹುಡುಗನೋ ಎರಡು ಮಾತು ಆಡಬಹುದಾದ ದೊಡ್ಡವರದು. ಮಾರ್ಗದರ್ಶಿ ಅನ್ನಿ, ಮೆಂಟರ್ ಅನ್ನಿ, ನಾನು ಹೇಳುತ್ತಿರುವುದು ಅಂಥವರ ಬಗ್ಗೆ. ಟ್ಯೂಷನ್ ಮಾಸ್ತರರ ಬಗ್ಗೆ ಅಲ್ಲ.

ಹಾಗೆ ಒಬ್ಬರಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಅಧ್ಯಯನ ಹವಾಯಿಯ ಕವಾಯಿ ದ್ವೀಪದ್ದು. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸುತ್ತ ಹೋದರು. ಕೆಲವು ಮಕ್ಕಳ ಪಾಲಿಗೆ ಬಡತನ, ಮನೆಯೊಳಗಿನ ಜಗಳ, ಕುಡಿತ, ಕಾಯಿಲೆ ಎಲ್ಲವೂ ಒಟ್ಟಿಗೆ ಬಂದಿದ್ದವು. ಅಂಥವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಗಟ್ಟಿಯಾಗಿ ಬೆಳೆದು ನಿಂತರು. ಇವರ ಬಾಳಿನಲ್ಲಿ ಕಂಡುಬಂದ ಸಮಾನ ಸಂಗತಿಗಳಲ್ಲಿ ಒಂದು, ತಂದೆ ತಾಯಿಯ ಹೊರತಾಗಿ ಮಗುವಿನ ಮೇಲೆ ಕಾಳಜಿ ಇಟ್ಟ ಒಬ್ಬ ಹಿರಿಯ ವ್ಯಕ್ತಿ. ಅಜ್ಜಿ ಇರಬಹುದು, ನೆರೆಯವರಿರಬಹುದು, ಒಬ್ಬ ಶಿಕ್ಷಕರಿರಬಹುದು. ಕಬ್ಬು ಮತ್ತು ಅನಾನಸು ತೋಟಗಳಲ್ಲಿ ದುಡಿಯುವವರ ಆ ದ್ವೀಪ ನಮ್ಮ ಕರಾವಳಿಯಿಂದ ಬಹಳ ದೂರ. ಆದರೂ ಅಲ್ಲಿನ ಮಾತು ಇಲ್ಲಿಗೆ ಅನ್ವಯಿಸದು ಎಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ.

ಹಿಂದೆ ಈ ಹಿರಿಯರು ಕೇರಿಯಲ್ಲೇ ಇರುತ್ತಿದ್ದರು. ರಂಪಣಿ ಬಲೆ ಎಳೆಯುವಾಗ ಇಡೀ ಊರು ಹಗ್ಗ ಹಿಡಿಯುತ್ತಿತ್ತು, ಹುಡುಗರು ಹತ್ತಾರು ಮಂದಿ ದೊಡ್ಡವರ ನಡುವೆ ಬೆಳೆಯುತ್ತಿದ್ದರು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲಂಚಿನ ಹಳ್ಳಿಗಳು ಒಕ್ಕಲೆದ್ದವು. ಪುನರ್ವಸತಿ ಕಾಲೊನಿಯಲ್ಲಿ ಮನೆಗಳು ಸಿಕ್ಕಿದವು, ಆದರೆ ಹಳೆಯ ನೆರೆಹೊರೆ ಹಾಗೇ ಎದ್ದು ಬರಲಿಲ್ಲ. ಇನ್ನೊಂದು ಕಡೆ ಗೋವಾ, ಮುಂಬೈ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳು ದುಡಿಯುವ ವಯಸ್ಸಿನವರನ್ನು ಸೆಳೆದುಕೊಂಡವು. ಹೀಗೆ ನಮ್ಮ ಊರುಗಳಲ್ಲಿ ಉಳಿದವರು ಎರಡು ತುದಿಯವರು. ಒಂದು ತುದಿಯಲ್ಲಿ ಓದುವ ಮಕ್ಕಳು, ಇನ್ನೊಂದು ತುದಿಯಲ್ಲಿ ನಿವೃತ್ತರು. ಮಕ್ಕಳಿಗೆ ಕೇಳಲು ಜನ ಇಲ್ಲ, ಹಿರಿಯರಿಗೆ ಹೇಳಲು ಜನ ಇಲ್ಲ. ಇಬ್ಬರೂ ಸಂಜೆ ಒಂದೇ ಕಡಲತೀರದಲ್ಲಿ ಅಡ್ಡಾಡುತ್ತಾರೆ.

ನಾನೂ ಹೊರಗೆ ದುಡಿದು ಊರಿಗೆ ಮರಳಿದವನು. ಪರಿಚಯದ ಮಾಸ್ತರರೊಬ್ಬರು ಮೀನುಗಾರ ಮನೆಯ ಒಬ್ಬ ಹುಡುಗಿಯನ್ನು ತೋರಿಸಿ, ‘ಇವಳಿಗೆ ವಾರಕ್ಕೊಮ್ಮೆ ಒಂದು ತಾಸು ಕೊಡ್ರಿ’ ಎಂದರು. ಅವಳು ಆಗ ಒಂಬತ್ತನೆಯ ತರಗತಿ. ಅಪ್ಪ ಬೋಟಿಗೆ ಹೋದರೆ ಮರಳುವ ಹೊತ್ತು ಗೊತ್ತಿಲ್ಲ, ಆಯಿ ಬೆಳಗಾಗುವ ಮೊದಲೇ ಬುಟ್ಟಿ ಹೊತ್ತು ಪೇಟೆಗೆ. ಮನೆಯ ಮಾತು ಕೊಂಕಣಿ, ಶಾಲೆಯದು ಕನ್ನಡ. ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ನಮ್ಮ ಭೇಟಿ.

ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ತ್ರಿಕೋನಮಿತಿಯ ಒಂದು ಲೆಕ್ಕವಿದೆ. ಸಮುದ್ರಮಟ್ಟದಿಂದ 75 ಮೀಟರ್ ಎತ್ತರದ ದೀಪಸ್ತಂಭದ ತುದಿಯಿಂದ ನೋಡಿದರೆ ಎರಡು ಹಡಗುಗಳು 30 ಮತ್ತು 45 ಡಿಗ್ರಿ ಅವನತ ಕೋನದಲ್ಲಿ ಕಾಣುತ್ತವೆ. ಒಂದರ ಹಿಂದೊಂದು ಇವೆ. ನಡುವಿನ ಅಂತರ ಎಷ್ಟು? ಕಾರವಾರದ ತೀರದಿಂದ ದೇವಗಡ ದ್ವೀಪದ ದೀಪಸ್ತಂಭ ದಿನವೂ ಕಾಣುತ್ತದೆ. ಹುಡುಗಿಯ ಅಪ್ಪ ರಾತ್ರಿ ಅದೇ ಬೆಳಕು ನೋಡಿಕೊಂಡು ಬಂದರಿಗೆ ಮರಳುವವರು. ಆದರೂ ಅವಳ ಮಟ್ಟಿಗೆ ಪುಸ್ತಕದ ದೀಪಸ್ತಂಭವೇ ಬೇರೆ, ಕಡಲಿನದೇ ಬೇರೆ. ಆ ಲೆಕ್ಕ ಹಿಡಿದು ತೀರಕ್ಕೆ ಹೋದೆವು. ಮರಳಿನ ಮೇಲೆ ಕೋಲಿನಿಂದ ಚಿತ್ರ ಬರೆದಳು. ಹತ್ತಿರದ ಹಡಗು ಸ್ತಂಭದಿಂದ 75 ಮೀಟರ್, ದೂರದ್ದು ಸುಮಾರು 130 ಮೀಟರ್, ಅಂತರ 55ಕ್ಕೆ ಸ್ವಲ್ಪ ಕಡಿಮೆ. ಉತ್ತರ ಬಂದ ಮೇಲೆ ಅವಳು ಕೇಳಿದ್ದು, ‘ಸರ್, ಅಷ್ಟು ಹತ್ತಿರ ಎರಡು ಹಡಗು ಯಾಕೆ ತರ್ತಾರೆ? ಬಡಿಯೋದಿಲ್ವಾ?’ ಪುಸ್ತಕ ಬರೆದವರಿಗೆ ಹೊಳೆಯದ ಪ್ರಶ್ನೆ ಅದು. ಕಡಲು ಗೊತ್ತಿದ್ದವರಿಗಷ್ಟೇ ಹುಟ್ಟುವ ಪ್ರಶ್ನೆ.

ಆ ಲೆಕ್ಕವನ್ನು ಹೇಳಿಕೊಡಲು ನಾನು ಹಿಂದಿನ ರಾತ್ರಿ ಕೂತು ಮತ್ತೆ ಕಲಿತಿದ್ದೆ. ನಲವತ್ತು ವರ್ಷದ ಹಿಂದೆ ಬಾಯಿಪಾಠ ಮಾಡಿದ್ದ ಮೂವತ್ತು ಡಿಗ್ರಿಯ ಸ್ಪರ್ಶಕದ ಬೆಲೆ ಯಾಕೆ ಅಷ್ಟು ಎಂಬುದು ನನಗೆ ಮೊದಲ ಸಲ ಅರ್ಥವಾದದ್ದು ಅವಳಿಗೆ ವಿವರಿಸುವ ಹೊತ್ತಿನಲ್ಲಿ. ಕಲಿಸುವುದರಿಂದ ಕಲಿಕೆ ಗಟ್ಟಿಯಾಗುತ್ತದೆ ಎಂಬುದು ಶಿಕ್ಷಕರಿಗೆಲ್ಲ ಗೊತ್ತು. ಜರ್ಮನಿಯಲ್ಲಿ ಝಾನ್-ಪೋಲ್ ಮಾರ್ಟಿನ್ ಎಂಬ ಭಾಷಾ ಶಿಕ್ಷಕರು 1980ರ ದಶಕದಿಂದ ವಿದ್ಯಾರ್ಥಿಗಳಿಂದಲೇ ಪಾಠ ಮಾಡಿಸುವ ಪದ್ಧತಿಯನ್ನು ಬೆಳೆಸಿದ್ದು ಇದೇ ನಂಬಿಕೆಯ ಮೇಲೆ. ಇನ್ನೊಬ್ಬರಿಗೆ ಹೇಳಬೇಕೆಂದಾಗ ನಮ್ಮ ತಿಳಿವಳಿಕೆಯ ತೂತುಗಳು ನಮಗೇ ಕಾಣುತ್ತವೆ.

ಅವಳು ನನಗೆ ಕಲಿಸಿದ್ದು ಬೇರೆ. ಭರತ, ಇಳಿತಗಳ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ ಎಂದು ನಾನು ಓದಿದ್ದೆ. ಇವಳ ಅಜ್ಜಿ ಗಡಿಯಾರ ನೋಡದೆ, ತಿಥಿ ಎಣಿಸಿ ಇಳಿತದ ಹೊತ್ತು ಹೇಳುತ್ತಾರೆ. ಹುಣ್ಣಿಮೆ ಅಮಾವಾಸ್ಯೆಗೆ ನೀರು ಬಹಳ ದೂರ ಸರಿಯುತ್ತದೆ, ಬಳಚು ಆಯಲು ಅದೇ ಸಮಯ. ಅಷ್ಟಮಿಯ ಸುಮಾರಿಗೆ ಏರಿಳಿತ ಸಣ್ಣದು, ಹೋಗಿ ಫಲವಿಲ್ಲ. ಸೂರ್ಯ ಚಂದ್ರರ ಸೆಳೆತ ಕೂಡುವುದು, ಅಡ್ಡಬರುವುದು ಎಂಬ ವಿಜ್ಞಾನ ಅವಳ ಮನೆಯಲ್ಲಿ ಊಟದ ಲೆಕ್ಕವಾಗಿತ್ತು. ನಾನು ಹುಟ್ಟಿದ್ದು ಇದೇ ಕರಾವಳಿಯಲ್ಲಿ, ಆದರೆ ಓದು, ನೌಕರಿ ಎಂದು ಹೊರಟವನಿಗೆ ಈ ತಿಳಿವಳಿಕೆ ತಪ್ಪಿಹೋಗಿತ್ತು. ಈಗ ಸಂಜೆ ನಡೆಯಲು ಹೋದಾಗ ನೀರು ಎಲ್ಲಿರಬೇಕೆಂದು ಮೊದಲೇ ಊಹಿಸುತ್ತೇನೆ. ಊರಿಗೆ ಬಂದದ್ದು ನಿವೃತ್ತಿಯಾದ ವರ್ಷ. ಊರು ನನ್ನದಾದದ್ದು ಇಂಥ ಭಾನುವಾರಗಳಲ್ಲಿ.

ಕಲಿಸುವವರು ಕಲಿಯುವ ಈ ಮಾತಿಗೆ ಅಂಕೋಲೆಯಲ್ಲೇ ದೊಡ್ಡ ಸಾಕ್ಷಿ ಇದೆ. ಹೊನ್ನಳ್ಳಿಯ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ, ಯಾವ ತಾಯಿ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದನ್ನು ಕೈಯಿಂದ, ಕಣ್ಣಿನಿಂದ ಕಲಿತವರು. ಅವರ ಜ್ಞಾನವನ್ನು ಗುರುತಿಸಿದ ಅರಣ್ಯಾಧಿಕಾರಿ ಅ. ನ. ಯಲ್ಲಪ್ಪ ರೆಡ್ಡಿ. ಅಧಿಕಾರದ ಏಣಿಯಲ್ಲಿ ಮೇಲಿದ್ದವರು ಕೆಳಗಿನ ಮೆಟ್ಟಿಲಿನವರ ಬಳಿ ಬೀಜದ ವಿದ್ಯೆ ಕೇಳಿದರು. ತುಳಸಿ ಗೌಡರಿಗೆ ಪದ್ಮಶ್ರೀ ಬಂದು, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ ಚಿತ್ರ ದೇಶವೆಲ್ಲ ನೋಡಿತು. ಅವರು 2024ರ ಡಿಸೆಂಬರ್‌ನಲ್ಲಿ, ಬಡಿಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎರಡೇ ತಿಂಗಳಲ್ಲಿ ಹಾಲಕ್ಕಿ ಸಮುದಾಯದ ಕಾಡಿನ ಅರಿವು ಮತ್ತು ಹಾಡಿನ ಅರಿವು ಎರಡರ ದೊಡ್ಡ ಕಣಜಗಳು ಬರಿದಾದವು. ಇವರಿಬ್ಬರ ಪಕ್ಕ ಕೂತು ಕೇಳಿದ ಹುಡುಗಿಯರು ಎಷ್ಟು ಮಂದಿ ಇದ್ದರೋ ಅಷ್ಟು ಮಾತ್ರ ಈಗ ಉಳಿದಿದೆ. ಹೈಸ್ಕೂಲು ಮಕ್ಕಳಿಗೆ ಹಿರಿಯರ ಜೊತೆ ಬೇಕು ಎಂದಾಗ ನನ್ನ ಮನಸ್ಸಿನಲ್ಲಿ ಪದವೀಧರರು ಮಾತ್ರ ಇಲ್ಲ. ಪಾತಿ ದೋಣಿ ಕಟ್ಟುವವರು, ಕರಿ ಇಶಾಡ ಮಾವಿನ ಕಸಿ ಬಲ್ಲವರು, ಗಜನಿ ಗದ್ದೆಯ ಉಪ್ಪುನೀರಿನಲ್ಲಿ ಕಗ್ಗ ಭತ್ತ ಬೆಳೆದವರು ಎಲ್ಲರೂ ಇದ್ದಾರೆ.

ಇನ್ನು ಮಕ್ಕಳಿಗೆ ಸಿಗುವ ಲಾಭದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದನ್ನು ನಾವು ಅಂಕಪಟ್ಟಿಯಲ್ಲಿ ಹುಡುಕುತ್ತೇವೆ. ಅಮೆರಿಕದಲ್ಲಿ 1904ರಿಂದ ನಡೆದುಬಂದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ಸಂಸ್ಥೆ ಮಕ್ಕಳಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆಮಾಡಿ ಕೊಡುತ್ತದೆ. 1995ರಲ್ಲಿ ಹೊರಬಂದ ಒಂದು ಅಧ್ಯಯನ ಹತ್ತರಿಂದ ಹದಿನಾರು ವರ್ಷದ ಸುಮಾರು 950 ಮಕ್ಕಳನ್ನು ಎರಡು ಗುಂಪು ಮಾಡಿ ಒಂದೂವರೆ ವರ್ಷ ನೋಡಿತು. ಹಿರಿಯರ ಜೊತೆ ಸಿಕ್ಕ ಮಕ್ಕಳು ಶಾಲೆ ತಪ್ಪಿಸಿದ ದಿನಗಳು ಉಳಿದವರಿಗಿಂತ ಸುಮಾರು ಅರ್ಧದಷ್ಟು. ಮಾದಕ ವಸ್ತುವಿನ ಬಳಕೆ ಶುರುಮಾಡುವ ಸಾಧ್ಯತೆ 46 ಪ್ರತಿಶತ ಕಡಿಮೆ. ಅಂಕಗಳಲ್ಲಿ ಏರಿಕೆ ಮಾತ್ರ ಅಲ್ಪ. ನನಗೆ ಈ ಕೊನೆಯ ಸಂಗತಿ ಸಮಾಧಾನ ಕೊಡುತ್ತದೆ. ಎಸ್ಸೆಸ್ಸೆಲ್ಸಿಯ 625ರಲ್ಲಿ ಎಷ್ಟು ಎಂಬ ಒಂದೇ ತಕ್ಕಡಿ ಹಿಡಿದು ಕೂರುವವರು ಈ ಕೆಲಸಕ್ಕೆ ಬರಬಾರದು. ಮಗು ಶಾಲೆಗೆ ಹೋಗುತ್ತಿದೆಯೇ, ಮನಸ್ಸಿನ ಮಾತು ಆಡುತ್ತಿದೆಯೇ, ಮುಂದಿನ ದಾರಿಯ ಬಗ್ಗೆ ಯೋಚಿಸುತ್ತಿದೆಯೇ ಎಂಬುದು ಮೊದಲು.

ಫಲಿತಾಂಶ ಏರಿಸಲು ನಮ್ಮ ಶಾಲೆಗಳಲ್ಲಿ ಶಿಕ್ಷಕರಿಗೆ ಹಿಂದುಳಿದ ಮಕ್ಕಳನ್ನು ‘ದತ್ತು’ ಕೊಡುವ ರೂಢಿ ಇದೆ. ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸಿ ಓದಿಸುವ ಶಿಕ್ಷಕರನ್ನು ನಾನು ಬಲ್ಲೆ, ಅವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಅದು ಪರೀಕ್ಷೆಗೆ ಮುಗಿಯುತ್ತದೆ. ಮಕ್ಕಳು ನಿಜವಾಗಿ ಒಂಟಿಯಾಗುವುದು ಪರೀಕ್ಷೆ ಮುಗಿದ ಮರುದಿನ. ಪಿಯುಸಿಗೆ ಸೇರುವುದೇ, ಮೂರು ವರ್ಷದ ಡಿಪ್ಲೊಮಾಕ್ಕೆ ಹೋಗುವುದೇ, ಐಟಿಐ ಸಾಕೇ ಎಂಬುದನ್ನು ಬಹಳ ಮನೆಗಳಲ್ಲಿ ಗೆಳೆಯ ಗೆಳತಿಯರು ಎಲ್ಲಿ ಹೋದರು ಎಂಬುದೇ ತೀರ್ಮಾನಿಸುತ್ತದೆ. ವಿಜ್ಞಾನ ತೆಗೆದುಕೊಂಡರೆ ಕನ್ನಡದಲ್ಲಿ ಕಲಿತ ಬೆಳಕು, ವಿದ್ಯುತ್ತು, ಆಮ್ಲ ಕ್ಷಾರಗಳ ಪಾಠವೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಮನೆಯಲ್ಲಿ ಕೊಂಕಣಿಯೋ ಹಾಲಕ್ಕಿ ಕನ್ನಡವೋ ಆಡುವ ಮಗುವಿಗೆ ಇದು ಎರಡನೆಯ ದಾಟು. ತರಗತಿಯಲ್ಲಿ ಎದ್ದುನಿಂತು ‘ಗೊತ್ತಾಗಲಿಲ್ಲ’ ಎನ್ನಲು ನಾಚಿಕೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಒಬ್ಬ ಹಿರಿಯರು ಜೊತೆಗೆ ಕೂತು, ಗೊತ್ತಿರುವ ಪಾಠವನ್ನೇ ಹೊಸ ಭಾಷೆಯಲ್ಲಿ ಮತ್ತೊಮ್ಮೆ ಓದಿಸಿದರೆ ಜೂನಿನ ಭಯ ಎಷ್ಟೋ ಇಳಿಯುತ್ತದೆ.

ಕಾಗದಪತ್ರದ ವಿಷಯವೂ ಚಿಕ್ಕದಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಬುದ್ಧಿವಂತ ಮಕ್ಕಳಿಗೆ ಇದು ತಪ್ಪುವುದು ದಡ್ಡತನದಿಂದಲ್ಲ. ಅರ್ಜಿಯ ಕೊನೆಯ ದಿನ ದಾಟಿತು, ಆಧಾರಿನಲ್ಲಿ ಒಂದು ಹೆಸರು, ಶಾಲಾ ದಾಖಲೆಯಲ್ಲಿ ಇನ್ನೊಂದು, ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು ಎಂಬ ಕಾರಣಗಳಿಂದ. ಬದುಕೆಲ್ಲ ಅರ್ಜಿ, ರುಜು, ಮೊಹರುಗಳ ನಡುವೆ ಕಳೆದ ನಿವೃತ್ತ ಗುಮಾಸ್ತರಿಗೆ, ಬ್ಯಾಂಕಿನವರಿಗೆ ಇದು ಎಡಗೈ ಕೆಲಸ. ನೆರವು ಪಡೆದ ಹುಡುಗ ಅವರಿಗೆ ಮೊಬೈಲಿನಲ್ಲಿ ವಿದ್ಯುತ್ ಬಿಲ್ಲು ಕಟ್ಟುವುದನ್ನು, ಮೋಸದ ಲಿಂಕು ಯಾವುದೆಂದು ಗುರುತಿಸುವುದನ್ನು ಹೇಳಿಕೊಡುತ್ತಾನೆ. ಈ ಲೇವಾದೇವಿಯಲ್ಲಿ ಯಾರಿಗೂ ಮುಜುಗರವಿಲ್ಲ.

ಹಿರಿಯರ ದೇಹ, ಮನಸ್ಸಿಗೆ ಆಗುವ ಲಾಭವನ್ನೂ ಅಳೆದು ನೋಡಿದ್ದಾರೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಅರವತ್ತು ದಾಟಿದವರನ್ನು ವಾರಕ್ಕೆ ಹದಿನೈದು ತಾಸು ಪ್ರಾಥಮಿಕ ಶಾಲೆಗಳಿಗೆ ಕಳಿಸುವ ‘ಎಕ್ಸ್‌ಪೀರಿಯನ್ಸ್ ಕೋರ್’ ಕಾರ್ಯಕ್ರಮದ ಪ್ರಯೋಗ ನಡೆಸಿದರು. ಮನೆಯಲ್ಲೇ ಇರುತ್ತಿದ್ದವರ ನಡೆದಾಟ ಹೆಚ್ಚಿತು. 2009ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಯೋಜನೆ, ಗಮನಗಳನ್ನು ನಿಭಾಯಿಸುವ ಮಿದುಳಿನ ಮುಂಭಾಗದ ಚಟುವಟಿಕೆಯೂ ಸುಧಾರಿಸಿದ್ದು ಸ್ಕ್ಯಾನಿನಲ್ಲಿ ಕಂಡಿತು. ಅದು ಪುಟ್ಟ ಮಕ್ಕಳ ಜೊತೆಗಿನ ಕೆಲಸ, ಅಷ್ಟು ತಾಸುಗಳ ಕೆಲಸ. ವಾರಕ್ಕೊಂದು ತಾಸಿನಿಂದ ಮಿದುಳು ಮರುಹುಟ್ಟು ಪಡೆಯುತ್ತದೆಂದು ನಾನು ಹೇಳಲಾರೆ. ಆದರೆ ಭಾನುವಾರ ಬರುತ್ತದೆ, ಒಬ್ಬರು ಕಾಯುತ್ತಿರುತ್ತಾರೆ, ಅಷ್ಟರೊಳಗೆ ಒಂದು ಪಾಠ ಓದಿಕೊಳ್ಳಬೇಕು ಎಂಬುದು ನಿವೃತ್ತನ ವಾರಕ್ಕೆ ಕೊಡುವ ಆಕಾರ ಸಣ್ಣದಲ್ಲ. ನಡುವಯಸ್ಸಿನಿಂದ ಮುಂದೆ ಮನುಷ್ಯನಿಗೆ ಎಳೆಯರನ್ನು ಬೆಳೆಸುವ ಹಸಿವು ಇರುತ್ತದೆ, ಅದು ತೀರದಿದ್ದರೆ ಬದುಕು ನಿಂತ ನೀರಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ವಾದಿಸಿದ್ದರು. ಮಕ್ಕಳು ಪರವೂರಿನಲ್ಲಿ, ಮೊಮ್ಮಕ್ಕಳು ವಿಡಿಯೊ ಕರೆಯಲ್ಲಿ ಇರುವ ನಮ್ಮ ಮನೆಗಳಲ್ಲಿ ಆ ಹಸಿವು ಸುಳ್ಳಲ್ಲ.

ಈ ಕೆಲಸದಲ್ಲಿ ಹಾನಿಯೂ ಆಗಬಹುದು, ಅದನ್ನು ಮುಚ್ಚಿಡಬಾರದು. ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಅಧ್ಯಯನದ ಅದೇ ಮಕ್ಕಳ ಮಾಹಿತಿಯನ್ನು ಮತ್ತೊಮ್ಮೆ ಜರಡಿ ಹಿಡಿದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಕಂಡುಕೊಂಡದ್ದು ಇದು: ಜೊತೆ ಒಂದು ವರ್ಷ ದಾಟಿದರೆ ಮಕ್ಕಳಿಗೆ ಹೆಚ್ಚಿನ ಲಾಭ, ಕೆಲವೇ ತಿಂಗಳಲ್ಲಿ ಮುರಿದುಬಿದ್ದರೆ ಕೆಲವು ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗುತ್ತದೆ. ನಂಬಿಸಿ ಬಿಟ್ಟುಹೋದವರ ಪಟ್ಟಿಗೆ ಇನ್ನೊಬ್ಬರು ಸೇರಿದರು ಎಂದು ಮಗು ಲೆಕ್ಕ ಹಾಕುತ್ತದೆ. ಉತ್ಸಾಹದಲ್ಲಿ ಜೂನ್‌ನಲ್ಲಿ ಬಂದು ಗಣೇಶ ಚೌತಿಗೆ ಮಾಯವಾಗುವವರು ಬರದಿದ್ದರೇ ಒಳ್ಳೆಯದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಶಾಲೆಗೇ ರಜೆಯ ಮೇಲೆ ರಜೆ. ಭೇಟಿ ತಪ್ಪಿದರೂ ಫೋನಿನಲ್ಲಿ ಐದು ನಿಮಿಷ ಮಾತಾಡಿ ಮುಂದಿನ ವಾರ ಗೊತ್ತುಮಾಡಬೇಕು.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಹದಿಹರೆಯದ ಮಗುವನ್ನು ಹೊರಗಿನ ದೊಡ್ಡವರೊಬ್ಬರ ಕೈಗೆ ಒಪ್ಪಿಸುವಾಗ ಎಚ್ಚರ ಬೇಕೇ ಬೇಕು. ಭೇಟಿ ಶಾಲೆಯಲ್ಲೋ ಗ್ರಂಥಾಲಯದಲ್ಲೋ, ನಾಲ್ಕು ಜನ ಓಡಾಡುವ ಜಾಗದಲ್ಲಿ ಆಗಬೇಕು. ಮನೆಯವರಿಗೂ ಮುಖ್ಯೋಪಾಧ್ಯಾಯರಿಗೂ ದಿನ, ಹೊತ್ತು ಗೊತ್ತಿರಬೇಕು. ಗುಟ್ಟಿನ ಸಂದೇಶ, ಗುಟ್ಟಿನ ಉಡುಗೊರೆ ಇರಬಾರದು. ಮಗುವಿಗೆ ಯಾರಿಂದಲೋ ಲೈಂಗಿಕ ಕಿರುಕುಳ ಆಗುತ್ತಿದೆ ಎಂದು ತಿಳಿದುಬಂದರೆ ಸುಮ್ಮನಿರಲು 2012ರ ಪೋಕ್ಸೊ ಕಾಯ್ದೆ ಯಾರಿಗೂ ಅವಕಾಶ ಕೊಡುವುದಿಲ್ಲ, ತಿಳಿದವರು ದೂರು ಕೊಡಲೇಬೇಕು. ಮಕ್ಕಳ ಸಹಾಯವಾಣಿ 1098 ಎಂಬುದು ಹಿರಿಯರಿಗೂ ಮಗುವಿಗೂ ಬಾಯಲ್ಲಿರಬೇಕು. ಇದಕ್ಕೆ ಬೇಸರಪಡುವವರು ಇದ್ದರೆ ಅವರನ್ನು ದೂರ ಇಡಲು ಅಷ್ಟೇ ಕಾರಣ ಸಾಕು.

ಹಾಗೆಯೇ, ತಾನು ಆದದ್ದನ್ನೋ ಆಗಲಾರದ್ದನ್ನೋ ಮಗುವಿನಿಂದ ಮಾಡಿಸುವ ಆಸೆಯನ್ನೂ ಬಿಡಬೇಕು. ಕಾರವಾರಕ್ಕೆ ಪರಿಚಿತವಾದ ಒಂದು ಸಂಸಾರವೇ ಇದಕ್ಕೆ ಮಾದರಿ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರು ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯರು. ಅವರ ತಮ್ಮ ರವೀಂದ್ರನಿಗೆ ಶಾಲೆ ಎಂದರೆ ಆಗದು. 1878ರಲ್ಲಿ ಅಣ್ಣ ಅಹಮದಾಬಾದಿನಲ್ಲಿದ್ದಾಗ, ವಿಲಾಯತಿಗೆ ಹೋಗುವ ಮೊದಲು ಹದಿನೇಳರ ತಮ್ಮನನ್ನು ತನ್ನಲ್ಲಿಗೆ ಕರೆಸಿಕೊಂಡರು. ಅಣ್ಣ ಕೋರ್ಟಿಗೆ ಹೋದರೆ ಶಾಹಿಬಾಗಿನ ದೊಡ್ಡ ಮನೆಯಲ್ಲಿ ಹುಡುಗನೊಬ್ಬನೇ. ಅಣ್ಣನ ಪುಸ್ತಕಗಳನ್ನು ಅರ್ಥವಾದಷ್ಟು ಓದಿದ, ತನ್ನ ಹಾಡಿಗೆ ತಾನೇ ಧಾಟಿ ಕಟ್ಟಲು ಶುರುಮಾಡಿದ್ದೂ ಅಲ್ಲೇ. ಆಮೇಲೆ 1883ರ ಸುಮಾರಿಗೆ ಅಣ್ಣನ ಮನೆಗೆಂದು ಕಾರವಾರಕ್ಕೆ ಬಂದ ರವೀಂದ್ರರು ‘ಪ್ರಕೃತಿಯ ಪ್ರತೀಕಾರ’ ಎಂಬ ನಾಟಕ ಬರೆದರು. ಇವನನ್ನೂ ನನ್ನಂತೆ ಐಸಿಎಸ್ ಮಾಡಿಯೇ ತೀರುತ್ತೇನೆ ಎಂದು ಅಣ್ಣ ಹಟ ಹಿಡಿಯಲಿಲ್ಲ. ಜಾಗ ಕೊಟ್ಟರು, ಪುಸ್ತಕ ಕೊಟ್ಟರು, ಬಿಟ್ಟರು. ನಮ್ಮ ಕಡಲತೀರಕ್ಕೆ ಠಾಕೂರರ ಹೆಸರಿದೆ. ಅದರಲ್ಲಿ ಅಣ್ಣನ ಪಾಲೂ ಇದೆ ಎಂದು ನನಗೆ ಅನಿಸುತ್ತದೆ.

ಹಿರಿಯರು ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಈ ಎರಡು ತಾಲ್ಲೂಕುಗಳಷ್ಟು ಅನುಕೂಲ ಬೇರೆ ಕಡೆ ಕಡಿಮೆ. ಮಲ್ಲಾಪುರದ ಟೌನ್‌ಶಿಪ್‌ನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಎಂಜಿನಿಯರುಗಳಿದ್ದಾರೆ. ಅವರ ಒಂದನೆಯ ಘಟಕ 962 ದಿನ ಎಡೆಬಿಡದೆ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿತು. ಅದು ಹೇಗೆ ಸಾಧ್ಯವಾಯಿತು ಎಂದು ಅದೇ ಕಾಳಿ ನದಿ ದಂಡೆಯ ಹೈಸ್ಕೂಲು ಮಕ್ಕಳಿಗೆ ಹೇಳಲು ಅವರಿಗಿಂತ ಯೋಗ್ಯರು ಯಾರು? ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಅದರ ಅಂಗಳದಾಚೆಯೇ ಮೀನುಗಾರರ ಮಕ್ಕಳಿದ್ದಾರೆ. ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಕಾರವಾರ ಪೇಟೆಯಲ್ಲಿ ವೈದ್ಯಕೀಯ ಕಾಲೇಜು. ಇಪ್ಪತ್ತರ ವಿದ್ಯಾರ್ಥಿಗಳೂ ಹದಿನಾಲ್ಕರವರಿಗೆ ಹಿರಿಯರೇ. ಈ ಪರೀಕ್ಷೆಗಳ ಹಾದಿಯನ್ನು ಮೊನ್ನೆ ಮೊನ್ನೆ ದಾಟಿದವರು ಎಂಬ ಕಾರಣಕ್ಕೆ ಕೆಲವು ವಿಷಯಗಳಲ್ಲಿ ನಮಗಿಂತ ಉತ್ತಮರು. ಅಂಕೋಲೆಯಲ್ಲಂತೂ ನಿವೃತ್ತ ಮಾಸ್ತರರೋ ಅಕ್ಕೋರೋ ಇಲ್ಲದ ಕೇರಿ ಹುಡುಕಬೇಕು.

ಶುರುಮಾಡುವ ಕಾಲದ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಹತ್ತನೆಯ ತರಗತಿಯ ಜನವರಿಯಲ್ಲಿ ಬಂದವರು ಪರೀಕ್ಷೆಯ ಭಯ ಹಂಚಿಕೊಳ್ಳಬಹುದು, ಹೆಚ್ಚೇನೂ ಆಗದು. ಎಂಟನೆಯ ತರಗತಿಯ ಕೊನೆ ಅಥವಾ ಒಂಬತ್ತರ ಜೂನ್ ಸರಿಯಾದ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುವ ಕಾರಣ ಅಪ್ಪಂದಿರು ಮನೆಯಲ್ಲಿ ಸಿಗುತ್ತಾರೆ. ಮೊದಲು ಅವರ ಬಳಿ ಹೋಗಿ ಕೂತು, ಚಹಾ ಕುಡಿದು, ಮಗು ಏನಾಗಬೇಕೆಂದು ಅವರು ಬಯಸುತ್ತಾರೆ, ಮಗು ಏನು ಬಯಸುತ್ತದೆ ಎಂದು ಕೇಳಬೇಕು. ಆಗಸ್ಟಿನಲ್ಲಿ ಬೋಟು ಇಳಿಯುವ ಹೊತ್ತಿಗೆ ವಾರದ ದಿನ ಗೊತ್ತಾಗಿರಬೇಕು. ಅಲ್ಲಿಂದ ಪಿಯುಸಿಯ ಮೊದಲ ಆರು ತಿಂಗಳು ಮುಗಿಯುವವರೆಗೆ ಎಂದರೆ ಎರಡೂವರೆ ವರ್ಷದ ಹತ್ತಿರ. ಈ ಜೂನ್‌ನಲ್ಲಿ ನಿಮ್ಮ ಊರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರನ್ನು ಭೇಟಿಯಾದರೆ ಅವರು ಒಂದು ಹೆಸರು ಹೇಳುತ್ತಾರೆ. ಹೆಚ್ಚು ಹೆಸರು ಹೇಳಿದರೂ ಒಂದನ್ನೇ ಒಪ್ಪಿಕೊಳ್ಳಿ.